ಆರನೇ ಪ್ರಯೋಗದ ಕಡೇ ಪುಟ

ಜನವರಿ ಹದಿನೆಂಟು, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ಅಪ್ಪ ಹರಾಜಿಗೆ ಹೊಗೆಸೊಪ್ಪಿನ ಬೇಲು ಕಟ್ಟಿಸಲು ಹೋಗಿದ್ದಾರೆ. ಅವ್ವ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಾಳೆ. ಮೊರದ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ.

ಬರೆಯುವ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಒಬ್ಬಳು ಅಕ್ಕ ವಾರಕ್ಕೊಮ್ಮೆ ತನ್ನ ತಂಗಿಗೆ ಫೋನು ಮಾಡುತ್ತಿದ್ದಳು. ಆ ತಂಗಿ ನನ್ನ ಗೆಳತಿ. ನಾನು ಕಾಲೇಜಿನ ರೆಕಾರ್ಡ್ ಪುಸ್ತಕದಲ್ಲಿ ಬರೆದ ಒಂದು ಪುಟದಿಂದ ಆ ಫೋನು ನಿಂತುಹೋಯಿತು. ಅಕ್ಕ ಈಗ ಎಲ್ಲಿದ್ದಾಳೆಂದು ತಂಗಿಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ. ತಂಗಿ ಬೇಕೆಂದೇ ಮಾತು ಬಿಟ್ಟಿದ್ದಾಳೆ ಎಂದು ಆಕೆ ತಿಳಿದಿರಬಹುದು. ಹಾಗಲ್ಲ ಎಂದು ಆಕೆಗೆ ಮುಟ್ಟಬೇಕು.

ನಾನು ಎಂಟನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಇವತ್ತಿಗೆ ಹನ್ನೊಂದು ನೋಟ್‌ಬುಕ್ ತುಂಬಿವೆ. ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟು ನಿಮಿಷ ತಡ, ಸೀಟು ಸಿಕ್ಕಿತೋ ಇಲ್ಲವೋ, ತಿಂಗಳಿಗೆ ಎಷ್ಟು ದಿನ ನಿಂತು ಹೋದೆ, ಎಲ್ಲವೂ ಅದರಲ್ಲಿವೆ. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡಕ್ಕೆ ಹಾಕುತ್ತೇನೆ. "ಇದ್ನೆಲ್ಲ ಬರ್ಕಂಡು ಏನ್ ಮಾಡ್ತೀಯವ್ವ? ಬಸ್ಸು ಬೇಗ ಬಂದುಬುಡ್ತದಾ?" ಎಂದು ಅವ್ವ ಕೇಳುತ್ತಾಳೆ. ಬರೆಯದೆ ಬಿಟ್ಟ ದಿನ ಕಳೆದುಹೋಯಿತು ಅನ್ನಿಸುತ್ತದೆ, ಅಷ್ಟೆ.

ನಮ್ಮೂರು ಹನಗೋಡು ರಸ್ತೆಯಲ್ಲಿದೆ. ಓದುವುದು ಹುಣಸೂರಿನಲ್ಲಿ, ಬಿ.ಎ. ಎರಡನೇ ವರ್ಷ. ನನ್ನ ಎರಡು ಮುಖ್ಯ ವಿಷಯಗಳು ಐಚ್ಛಿಕ ಕನ್ನಡ ಮತ್ತು ಮನಃಶಾಸ್ತ್ರ. ಸೇರುವ ದಿನ ಅವ್ವ ಕೇಳಿದ್ದು ಒಂದೇ ಪ್ರಶ್ನೆ. "ಕನ್ನಡ ಸರಿ. ಅದೇನವ್ವ ಇನ್ನೊಂದು? ಉಚ್ಚರ ಡಾಕ್ಟ್ರು ಆಯ್ತೀಯ?" ಅಪ್ಪ ನಕ್ಕು, "ಆಗ್ಲಿ ಬುಡು, ಊರಲ್ಲೇ ಬೇಕಾದಷ್ಟ್ ಗಿರಾಕಿ ಅವ್ರೆ" ಎಂದಿದ್ದರು.

ಸಮಾಜ ವಿಜ್ಞಾನ ವಿಭಾಗವೆಂದರೆ ಮಹಡಿಯ ಮೇಲಿನ ಒಂದು ಉದ್ದ ಕೊಠಡಿ. ಚರಿತ್ರೆಯವರ ನಕ್ಷೆಗಳು, ಅರ್ಥಶಾಸ್ತ್ರದವರ ಹಳೆಯ ವರದಿಗಳು, ಮೂಲೆಯಲ್ಲಿ ಮನಃಶಾಸ್ತ್ರದ ಒಂದು ಕಬ್ಬಿಣದ ಬೀರು. ಪ್ರಯೋಗದ ಸಾಮಾನೆಲ್ಲ ಆ ಬೀರುವಿನಲ್ಲೇ ಇದೆ. ಕನ್ನಡದ ತರಗತಿಯಲ್ಲಿ ನಾವು ಮೂವತ್ತನಾಲ್ಕು ಜನ. ಮನಃಶಾಸ್ತ್ರಕ್ಕೆ ಮೊದಲ ವರ್ಷ ಸೇರಿದ್ದು ನಾಲ್ವರು. ಭೇರ್ಯದ ಕಡೆಯಿಂದ ಬರುತ್ತಿದ್ದವಳು ಎರಡೇ ವಾರಕ್ಕೆ ಬಸ್ಸಿನ ತಾಪತ್ರಯ ತಾಳಲಾರದೆ ಕೆ.ಆರ್. ನಗರದಲ್ಲಿ ಬಿ.ಕಾಂ. ಸೇರಿದಳು. ಎಚ್.ಡಿ. ಕೋಟೆಯವಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ಉಳಿದವರು ನಾವಿಬ್ಬರು, ನಾನು ಮತ್ತು ಪಿರಿಯಾಪಟ್ಟಣ ತಾಲೂಕಿನ ಕಂಪಲಾಪುರದ ಹತ್ತಿರದ ಒಂದು ಹಳ್ಳಿಯವಳು.

ಆಕೆಯ ಮೊದಲ ಮಾತು ನನ್ನ ನೋಟ್‌ಬುಕ್ಕಿನಲ್ಲಿದೆ. "ನೀನೂ ಇದೇ ಕ್ಲಾಸಾ? ಸದ್ಯ! ನಾನೊಬ್ಳೇ ಅಂತ ಅತ್ತುಬುಡ್ತಿದ್ದೆ ಕಣೆ."

ಆಕೆಗೆ ನನ್ನಂತೆ ಮುಜುಗರವಿರಲಿಲ್ಲ. ಕನ್ನಡ ತರಗತಿಯ ಹುಡುಗರು ನಮ್ಮಿಬ್ಬರನ್ನು ಕಂಡರೆ ರೇಗಿಸುತ್ತಿದ್ದರು. "ಏನ್ರೀ ಮನಃಶಾಸ್ತ್ರ, ನನ್ ಮನ್ಸಲ್ಲಿ ಏನೈತೆ ಏಳಿ ನೋಡುವ?" ಎಂದು ಒಬ್ಬ ಅಡ್ಡ ನಿಂತರೆ, ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಖಾಲಿ ಐತೆ ಕಣ್ಲಾ. ಬಾಡ್ಗೆಗೆ ಕೊಡು" ಎನ್ನುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ನಗುತ್ತಿದ್ದೆ. ನನಗೆ ಕಾಲೇಜಿನಲ್ಲಿ ಬೇರೆ ಗೆಳೆತನವಿರಲಿಲ್ಲ. ಒಬ್ಬಳು ಸಾಕು ಅನ್ನಿಸಿತ್ತು.

ಮನಃಶಾಸ್ತ್ರದ ಪ್ರಯೋಗಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರು ಪ್ರಯೋಗ ಮಾಡುವವರು, ಇನ್ನೊಬ್ಬರು ಮಾಡಿಸಿಕೊಳ್ಳುವವರು. ಮಾಡಿಸಿಕೊಳ್ಳುವವರನ್ನು ನಾವೆಲ್ಲ ಸಬ್ಜೆಕ್ಟ್ ಎಂದೇ ಕರೆಯುವುದು. ಒಂದು ವಾರ ನಾನು ಸಬ್ಜೆಕ್ಟ್ ಆದರೆ ಮುಂದಿನ ವಾರ ಅವಳು. ಹತ್ತು ಪ್ರಯೋಗಗಳ ರೆಕಾರ್ಡ್ ಬರೆದು ಸಹಿ ಮಾಡಿಸಿದರೆ ಮಾತ್ರ ಪರೀಕ್ಷೆಗೆ ಕೂರಿಸುತ್ತಾರೆ. ನಾವು ಕೆಲಸ ಹಂಚಿಕೊಂಡಿದ್ದೆವು. ಇಬ್ಬರ ಪುಸ್ತಕದಲ್ಲೂ ಚಿತ್ರ ಬರೆಯುವುದು ಅವಳು, ಕೋಷ್ಟಕ ಹಾಕಿ ಲೆಕ್ಕ ತೆಗೆಯುವುದು ನಾನು. ಐದನೇ ಪ್ರಯೋಗ ಕನ್ನಡಿಯದು. ಕೈಯನ್ನು ನೇರ ನೋಡದೆ, ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ನನ್ನ ತಪ್ಪು ಇಪ್ಪತ್ತಮೂರು, ಅವಳದು ಆರು. "ಉಲ್ಟಾ ನೋಡ್ಕಂಡು ಮಾಡೋದು ನಂಗೆ ಸಲೀಸು ಕಣೆ" ಎಂದಿದ್ದಳು. ಅದು ತಮಾಷೆ ಎಂದುಕೊಂಡು ಹಾಗೇ ಬರೆದುಕೊಂಡೆ.

ಆರನೆಯದು ಪದಗಳ ಪ್ರಯೋಗ. ಸೆಪ್ಟೆಂಬರ್ ಹದಿನೇಳು, ಬುಧವಾರ, ಮಧ್ಯಾಹ್ನ ಎರಡೂ ಹತ್ತು. ನಮಗೆ ಮನಃಶಾಸ್ತ್ರ ಪಾಠ ಮಾಡುವ ಮೇಡಂ ಪ್ರಿನ್ಸಿಪಾಲರ ಸಭೆಗೆ ಹೋಗಿದ್ದರು. ಕೊಠಡಿಯಲ್ಲಿ ನಾವಿಬ್ಬರೇ. ಇಪ್ಪತ್ತೈದು ಪದಗಳ ಪಟ್ಟಿ ಇರುತ್ತದೆ. ನಾನು ಒಂದೊಂದೇ ಪದ ಹೇಳಬೇಕು, ಅದನ್ನು ಕೇಳಿದ ತಕ್ಷಣ ಅವಳ ಬಾಯಿಗೆ ಏನು ಬರುತ್ತದೋ ಹೇಳಬೇಕು, ಎಷ್ಟು ಹೊತ್ತಿಗೆ ಹೇಳಿದಳೆಂದು ನಾನು ಗಡಿಯಾರ ಹಿಡಿದು ಗುರುತು ಹಾಕಬೇಕು. ಮರ ಎಂದೆ, ನೆರಳು ಎಂದಳು. ನೀರು ಎಂದೆ, ಬಿಂದಿಗೆ ಎಂದಳು. ಎಲ್ಲದಕ್ಕೂ ಎರಡು ಸೆಕೆಂಡು, ಹೆಚ್ಚೆಂದರೆ ಮೂರು. ಹತ್ತೊಂಬತ್ತನೇ ಪದ "ಅಕ್ಕ". ಹದಿನಾಲ್ಕು ಸೆಕೆಂಡು ಅವಳು ಮಾತಾಡಲಿಲ್ಲ. ಆಮೇಲೆ "ಮಂಗಳವಾರ" ಎಂದಳು.

ಉಳಿದ ಆರು ಪದಗಳನ್ನು ಮುಗಿಸಿ, ಗಡಿಯಾರ ಕೆಳಗಿಟ್ಟು, "ಮಂಗಳವಾರ ಯಾಕೆ?" ಎಂದು ಕೇಳಿದೆ.

"ಬಾಯಿಗೆ ಬಂತು."

"ಹದಿನಾಲ್ಕು ಸೆಕೆಂಡ್ ಆದ್ಮೇಲೆ ಬಂದದ್ದನ್ನ ಬಾಯಿಗೆ ಬಂತು ಅಂತ ಬರೆಯೋಕಾಗಲ್ಲ ಕಣೆ. ಮೇಡಂ ಕೇಳ್ತಾರೆ."

"ಮೇಡಂ ಎಲ್ ಕೇಳ್ತಾವ್ರೆ? ನೀನ್ ಕೇಳ್ತಿದೀಯ."

"ಹೂಂ, ನಾನೇ ಕೇಳ್ತಿದೀನಿ. ಹೇಳು."

ಅವಳು ಹೇಳಿದಳು. ಆರು ವರ್ಷದ ಹಿಂದೆ ಅವಳ ಅಕ್ಕ ಮನೆಯವರಿಗೆ ಒಪ್ಪಿಗೆಯಿಲ್ಲದ ಮದುವೆ ಮಾಡಿಕೊಂಡು ಹೋಗಿದ್ದಳು. ಯಾರನ್ನು, ಯಾವೂರಿನವರನ್ನು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಆಕೆಯ ಹೆಸರೆತ್ತುವ ಹಾಗಿರಲಿಲ್ಲ. ಆದರೆ ತಂಗಿ ಕಾಲೇಜು ಸೇರಿ, ಕೈಗೆ ಒಂದು ಬಟನ್ ಫೋನು ಬಂದ ಮೇಲೆ, ಹೇಗೋ ನಂಬರು ತಿಳಿದು ಅಕ್ಕ ಫೋನು ಮಾಡತೊಡಗಿದ್ದಳು. ಅಕ್ಕನಿಗೆ ಹೊಲಿಗೆ ಅಂಗಡಿಯಲ್ಲಿ ಕೆಲಸ. ಮಂಗಳವಾರ ಅಂಗಡಿಗೆ ರಜಾ.

ಆಗ ನನಗೆ ನನ್ನ ದಿನಚರಿ ನೆನಪಾಯಿತು. ಮನೆಗೆ ಹೋಗಿ ತೆಗೆದು ನೋಡಿದೆ. ಎರಡನೇ ವರ್ಷ ಶುರುವಾದ ಮೇಲಿನ ಒಂಬತ್ತು ಮಂಗಳವಾರಗಳಲ್ಲಿ ಎಂಟರಲ್ಲಿ "ಊಟದ ನಡುವೆ ಒಂದೂ ಇಪ್ಪತ್ತಕ್ಕೆ ಎದ್ದು ನೀರಿನ ಟ್ಯಾಂಕಿನ ಹಿಂದೆ ಹೋದಳು" ಎಂದು ಬರೆದಿತ್ತು. ಯಾಕೆಂದು ಒಂದು ದಿನವೂ ಕೇಳಿರಲಿಲ್ಲ. ಗೀಟು ಮಾತ್ರ ಹಾಕಿದ್ದೆ.

ಪ್ರತಿ ಪ್ರಯೋಗದ ಕೊನೆಯಲ್ಲಿ, ಸಬ್ಜೆಕ್ಟ್ ತನಗೆ ಏನನ್ನಿಸಿತೆಂದು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಲು ಒಂದು ಪುಟವಿರುತ್ತದೆ. ಸಾಮಾನ್ಯವಾಗಿ ಎಲ್ಲರೂ "ಪ್ರಯೋಗ ಕುತೂಹಲಕರವಾಗಿತ್ತು" ಎಂದು ಒಂದು ಸಾಲು ಗೀಚಿ ಬಿಡುತ್ತಾರೆ. ಅದೇ ವಾರ ಕನ್ನಡದ ಸರ್ ತರಗತಿಯಲ್ಲಿ, ಪಾತ್ರದ ಮಾತನ್ನು ತಿದ್ದಬೇಡಿ, ಅವರು ಆಡಿದ ಹಾಗೆ ಬಿಡಿ, ಆಗಲೇ ಅದಕ್ಕೆ ಜೀವ ಎಂದು ಹೇಳಿದ್ದರು. ನಾನು ಎರಡು ವಿಷಯಗಳನ್ನು ಸೇರಿಸಿದೆ. ಅವಳು ಹೇಳುತ್ತಿದ್ದಾಗಲೇ, ಅವಳೆದುರಿಗೇ, ಒಂದು ಮಾತೂ ಬಿಡದೆ ಬರೆದಿದ್ದೆ:

"ಮಂಗ್ಳಾರ ಅಕ್ಕ ಫೋನ್ ಮಾಡ್ತಾಳೆ. ಮೊದ್ಲು ಕೇಳೋದೇ ಅವ್ವ ಏನ್ ಉಂಡ್ಳು ಅಂತ. ಮುದ್ದೆ ಉಪ್ಸಾರು ಅಂತೀನಿ. ದಿನಾ ಅದೇ ಅಂತ ಗೊತ್ತಿದ್ರೂ ಕೇಳ್ತಾಳೆ. ಆಮೇಲೆ ಅವ್ವನ್ ಮಂಡಿ ನೋವು. ಆಮೇಲೆ ಕೆಂದ ಹಸ ಈಯ್ತಾ ಅಂತ. ಅವ್ಳು ಹೆಂಗವ್ಳೆ ಅಂತ ನಾನು ಕೇಳೋಷ್ಟೊತ್ಗೆ ಬೆಲ್ ಹೊಡೀತದೆ."

ಇನ್ನೂ ಹದಿನೈದು ಸಾಲು ಇತ್ತು. ಮೇಡಂ ಕೆಂಪು ಶಾಯಿಯಲ್ಲಿ "ಬಹಳ ಚೆನ್ನಾಗಿದೆ" ಎಂದು ಬರೆದು ಹತ್ತಕ್ಕೆ ಒಂಬತ್ತೂವರೆ ಕೊಟ್ಟರು. ಅಷ್ಟು ಅಂಕ ನನಗೆ ಯಾವುದಕ್ಕೂ ಬಂದಿರಲಿಲ್ಲ. ಅವತ್ತಿನ ದಿನಚರಿಯಲ್ಲಿ "ಇವತ್ತು ಚೆನ್ನಾಗಿ ಬರೆದೆ" ಎಂದಿದೆ. ಗೆಳತಿಯ ವಿಷಯ ಒಂದಕ್ಷರವೂ ಇಲ್ಲ.

ಇನ್ನೊಂದು ತಪ್ಪು ಅದಕ್ಕಿಂತ ಸಣ್ಣದು, ಆದರೆ ಅದಿಲ್ಲದಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ರೆಕಾರ್ಡಿನಲ್ಲಿ ಸಬ್ಜೆಕ್ಟ್‌ನ ಹೆಸರು, ವಯಸ್ಸು, ಊರು ಎಂದು ಮೇಲೆ ಅಚ್ಚಾಗಿರುತ್ತದೆ. ಹೆಸರು ಬರೆಯಬೇಡಿ, ಒಂದಕ್ಷರ ಹಾಕಿದರೆ ಸಾಕು ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ನಾನು ಮೊದಲ ಪ್ರಯೋಗದಿಂದಲೂ ಪೂರ್ತಿ ತುಂಬುತ್ತಿದ್ದೆ, ಅವಳ ಹೆಸರು, ತಂದೆಯ ಹೆಸರು, ಹಳ್ಳಿ, ಹೋಬಳಿ. ಖಾಲಿ ಬಿಟ್ಟ ಜಾಗ ನೋಡಿದರೆ ನನಗೆ ಕೈ ತಡೆಯುವುದಿಲ್ಲ. ಮೇಡಂ ಕೂಡ ಗಮನಿಸಲಿಲ್ಲ.

ಸೆಪ್ಟೆಂಬರ್ ಇಪ್ಪತ್ತು, ಶನಿವಾರ, ದಸರಾ ರಜೆಗೆ ಮುಂಚಿನ ಕೊನೆಯ ದಿನ. ನನ್ನ ಪುಸ್ತಕದಲ್ಲಿ ಕನ್ನಡಿಯ ಪ್ರಯೋಗದ ಚಿತ್ರ ಬಾಕಿಯಿತ್ತು. "ಕೊಡೆ, ರಜದಲ್ಲಿ ಬರ್ಕೊಡ್ತೀನಿ" ಎಂದು ಅವಳೇ ಕೇಳಿ ಬ್ಯಾಗಿಗೆ ಹಾಕಿಕೊಂಡಳು. ಆರನೇ ಪ್ರಯೋಗ ಅದರೊಳಗೇ ಇತ್ತು. ನಾನು ಹೇಗೆ ಬರೆದಿದ್ದೇನೆಂದು ಅವಳು ಅದುವರೆಗೆ ಓದಿರಲಿಲ್ಲ. ನನಗೂ ಅದನ್ನು ತೋರಿಸಬೇಕು ಎಂದು ಹೊಳೆದಿರಲಿಲ್ಲ.

ಅಕ್ಟೋಬರ್ ಆರು, ಸೋಮವಾರ, ಕಾಲೇಜು ತೆರೆಯಿತು. ಅವಳು ಬರಲಿಲ್ಲ. ಫೋನು ಹತ್ತಲಿಲ್ಲ. ಜ್ವರವಿರಬೇಕು ಎಂದು ಬರೆದುಕೊಂಡೆ. ಮರುದಿನವೂ ಬರಲಿಲ್ಲ. ಮೇಡಂ ಹಾಜರಿ ಕರೆಯುವಾಗ ಮೊದಲು ಅವಳ ಹೆಸರು, ಆಮೇಲೆ ನನ್ನದು. ಅವಳ ಹೆಸರು ಕರೆದು ತಲೆಯೆತ್ತಿ ನೋಡುತ್ತಾರೆ. ಎದುರಿಗೆ ನಾನೊಬ್ಬಳೇ ಇದ್ದೇನೆಂದು ಅವರಿಗೂ ಕಾಣುತ್ತದೆ. ಆದರೂ ಹೆಸರು ಪಟ್ಟಿಯಲ್ಲಿ ಇರುವವರೆಗೆ ಕರೆಯಲೇಬೇಕಲ್ಲ. ನನ್ನ ಹೆಸರಿಗೆ ನಾನು "ಪ್ರೆಸೆಂಟ್ ಮೇಡಂ" ಎನ್ನುವ ದನಿ ಆ ಉದ್ದ ಕೊಠಡಿಯಲ್ಲಿ ಗೋಡೆಗೆ ತಾಗಿ ಬರುತ್ತಿತ್ತು. ಒಬ್ಬಳೇ ವಿದ್ಯಾರ್ಥಿನಿಗೆ ಮೇಡಂ ಬೋರ್ಡಿನ ಮೇಲೆ ಬರೆದು ಪಾಠ ಮಾಡುವರು. ನಿದ್ದೆ ಬಂದರೂ ಕಣ್ಣು ಮುಚ್ಚುವಂತಿಲ್ಲ. ಇಲ್ಲಿಯವರೆಗೆ ಹಾಗೆ ನಲವತ್ತಮೂರು ತರಗತಿಗಳಾಗಿವೆ.

ಊಟಕ್ಕೆ ಟ್ಯಾಂಕಿನ ಹತ್ತಿರದ ಕಟ್ಟೆಗೆ ಹೋಗುವುದನ್ನು ಬಿಟ್ಟೆ. ಕನ್ನಡ ತರಗತಿಯ ಹುಡುಗಿಯರು ಕರೆದರು, ಒಂದೆರಡು ದಿನ ಹೋದೆ. ಅವರು ಅವರವರ ಊರಿನ ಸುದ್ದಿ ಮಾತಾಡುತ್ತಿದ್ದರು. ನಾನು ಕೇಳುತ್ತಾ ಕೂತಿರುತ್ತಿದ್ದೆ. ಮೂರನೇ ದಿನ ಡಬ್ಬಿಯನ್ನು ಕೊಠಡಿಯಲ್ಲೇ ತೆರೆದೆ.

ನವೆಂಬರ್ ಹದಿನೈದರೊಳಗೆ ರೆಕಾರ್ಡ್ ಒಪ್ಪಿಸಬೇಕಿತ್ತು. ಅದನ್ನು ನೆಪ ಮಾಡಿಕೊಂಡು, ನವೆಂಬರ್ ಒಂಬತ್ತರ ಭಾನುವಾರ ಅವಳೂರಿಗೆ ಹೊರಟೆ. ಹುಣಸೂರಿನಲ್ಲಿ ಬಸ್ಸು ಬದಲಿಸಿ, ಕಂಪಲಾಪುರದಲ್ಲಿ ಇಳಿದು, ಮೂವತ್ತೈದು ನಿಮಿಷ ನಡೆದೆ. ಮನೆ ತಲುಪಿದ್ದು ಹನ್ನೊಂದೂ ಹತ್ತಕ್ಕೆ.

ಜಗಲಿಯ ಮೇಲೆ ಅವಳ ದೊಡ್ಡಪ್ಪ ಪೇಪರು ಹಿಡಿದು ಕೂತಿದ್ದರು. ತಂದೆ ತೀರಿಕೊಂಡ ಮೇಲೆ ಅವಳನ್ನು ಓದಿಸುತ್ತಿದ್ದವರು ಅವರೇ. ಆ ಮನೆಯಲ್ಲಿ ಹಿರಿಯರ ಪೈಕಿ ಓದು ಬರುವವರು ಅವರೊಬ್ಬರೇ. ನಾನು ಯಾರೆಂದು ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿರಲಿಲ್ಲ, ಯಾಕೆಂದರೆ ಬೈಯಲು ಕಾರಣವಿದೆ ಎಂದೇ ನನಗೆ ಗೊತ್ತಿರಲಿಲ್ಲ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ರೆಕಾರ್ಡ್ ಬುಕ್ಕಿನೋಳಾ?"

"ಹೌದು ದೊಡ್ಡಪ್ಪ."

"ಚೆನ್ನಾಗ್ ಬರೀತೀಯ ಕಣವ್ವ" ಎಂದರು. ಆಮೇಲೆ ಒಳಗೆ ತಿರುಗಿ, "ಲೇ, ನಿನ್ ಕಾಲೇಜಿನೋಳು ಬಂದವ್ಳೆ, ಟೀ ಕೊಡ್ರಿ" ಎಂದು ಕೂಗಿ, ಟವೆಲು ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೊರಟುಬಿಟ್ಟರು.

ಅವಳು ಬಂದು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಹಿಂದೆಯೇ ಅವಳ ತಾಯಿ ಟೀ ಲೋಟ ಹಿಡಿದು ಬಂದರು. ನಡೆದದ್ದನ್ನು ಹೇಳಿದ್ದು ಆ ತಾಯಿಯೇ.

ಅವರ ಮನೆಯಲ್ಲಿ ಆಯುಧಪೂಜೆಗೆ ಕುಡುಗೋಲು, ಗುದ್ದಲಿ, ಟಿಲ್ಲರಿನ ಜೊತೆಗೆ ಮಕ್ಕಳ ಪುಸ್ತಕಗಳನ್ನೂ ಇಡುತ್ತಾರೆ. ಇಟ್ಟ ಮೇಲೆ ಮುಟ್ಟುವ ಹಾಗಿಲ್ಲ. ಮರುದಿನ ವಿಜಯದಶಮಿಗೆ ತೆಗೆದು ಓದಬೇಕು.

"ನಾಕ್ ಸಾಲಾದ್ರೂ ಗಟ್ಟ್ಯಾಗಿ ಓದ್ಲೇಬೇಕು ಅಂತ ನಮ್ ಬಾವ್ನೋರ್ದು ಕಟ್ಟಪ್ಪಣೆ" ಎಂದರು ಆ ತಾಯಿ. "ವರ್ಸಾ ವರ್ಸಾ ಅವ್ರೇ ಓದೋದು. ಮನೆ ತುಂಬ ಜನ, ಎಣ್ಮಕ್ಳು ಅಳಿಯಂದ್ರು ಎಲ್ಲ ಬಂದಿದ್ರು. ಎಲ್ಲಾದ್ರ ಮೇಲೆ ನಿನ್ ಪುಸ್ತಕ ಇತ್ತು, ಚೆಂದಾಗಿ ರಟ್ಟಾಕಿದ್ದೆಯಲ್ಲ, ಅದ್ನೇ ತಗುದ್ರು. ಮಗ ಏನ್ ಓದ್ತದೆ ಅಂತ ಎಲ್ರೂ ಕೇಳ್ಕಳಿ ಅಂದ್ರು. ತಗ್ದೇಟ್ಗೆ ಇವ್ಳ ಎಸ್ರು. ನೋಡ್ರಲಾ, ನಮ್ ಮಗಿನ್ ಎಸ್ರು ಬುಕ್ಕಲ್ ಬಂದೈತೆ, ಅವ್ರಪ್ಪನ್ ಎಸ್ರೂವೆ ಬಂದೈತೆ ಅಂದ್ಬುಟ್ಟು ನಕ್ಕಂಡು, ಪುಟ ತಿರುಗ್ಸಿ ಕಡೇದ್ನ ಓದುದ್ರು. ಮಂಗ್ಳಾರ ಅಕ್ಕ ಫೋನ್ ಮಾಡ್ತಾಳೆ ಅಂತ ಓದುದ್ರು. ಅಲ್ಗೇ ನಿಂತೋಯ್ತು."

ಯಾರೂ ಕೂಗಾಡಲಿಲ್ಲವಂತೆ. ದೊಡ್ಡಪ್ಪ ಉಳಿದದ್ದನ್ನು ಮನಸ್ಸಿನಲ್ಲೇ ಓದಿ, ಪುಸ್ತಕ ಮುಚ್ಚಿ, ಮತ್ತೆ ದೇವರ ಮುಂದಿಟ್ಟರು. ಅವಳ ಫೋನು ಕೇಳಿ ತೆಗೆದುಕೊಂಡು ಹೋಗಿ ನೀರೊಲೆಗೆ ಹಾಕಿದರು. ಹಬ್ಬದ ಊಟಕ್ಕೆ ಕೂರಲಿಲ್ಲ. ಸಂಜೆಯವರೆಗೆ ಜಗಲಿಯಲ್ಲಿ ಹಾಗೇ ಕೂತಿದ್ದರು.

"ಕಾಲೇಜಿಗೆ ಬೇಡ ಅಂದ್ರಾ?" ಎಂದು ನಾನು ಗೆಳತಿಯನ್ನು ಕೇಳಿದೆ.

"ಯಾರೂ ಬೇಡ ಅನ್ಲಿಲ್ಲ. ನಂಗೇ ಬೇಡ." ಅವಳು ರೆಕಾರ್ಡ್ ಪುಸ್ತಕವನ್ನು ನನ್ನ ಕೈಗಿಟ್ಟಳು. "ಇನ್ನೂ ನಾಕು ಪ್ರಯೋಗ ಐತೆ. ನಿನ್ ಮುಂದೆ ನಾನು ಕೂರಲ್ಲ."

"ನಿನ್ನ ಮುಂದೇನೇ ಬರೆದೆನಲ್ಲೇ. ನೀನು ನೋಡ್ತಿದ್ದೆ."

"ನೋಡ್ತಿದ್ದೆ. ನಾನ್ ಹೇಳಿದ್ದು ನಿಂಗೆ ಕಣೆ. ಪುಸ್ತಕಕ್ಕಲ್ಲ."

ಆಗ, ನಾಚಿಕೆಯಿಲ್ಲದೆ, "ನಂಬರು?" ಎಂದು ಕೇಳಿದೆ.

"ಲೈಬ್ರರಿ ಮೇಡಂ ಅಂತ ಸೇವ್ ಮಾಡಿದ್ದೆ. ಬಾಯಿಪಾಠ ಯಾರ್ ಮಾಡ್ತಾರೆ? ಆ ಫೋನಲ್ಲೇ ಸುಟ್ಟೋಯ್ತು." ಊರು ಯಾವುದೆಂದು ಅಕ್ಕ ಎಂದೂ ಬಾಯಿ ಬಿಟ್ಟಿರಲಿಲ್ಲವಂತೆ. ಫೋನಿನಲ್ಲಿ ಹಿಂದಿನಿಂದ "ಕೋಟೆ, ಕೋಟೆ" ಎಂದು ಬಸ್ಸಿನವರು ಕೂಗುವುದು, ಮಲಯಾಳದ ಮಾತು, ಇಷ್ಟು ಮಾತ್ರ ಕೇಳಿದ್ದಳು. "ಅವ್ಳು ಇಷ್ಟೊತ್ಗೆ ಆರು ಮಂಗ್ಳಾರ ಮಾಡಿರ್ತಾಳೆ. ನಾನೇ ಎತ್ತಿಲ್ಲ ಅಂದ್ಕಂಡಿರ್ತಾಳೆ."

ಐದು ಎಂದು ನನ್ನ ತಲೆ ಲೆಕ್ಕ ಹಾಕಿತು. ಬಾಯಿ ಮುಚ್ಚಿಕೊಂಡೆ.

ಬಸ್ಸಿನ ಹೊತ್ತಾಯಿತೆಂದು ನಾನು ಎದ್ದೆ. ತಾಯಿ ನನ್ನ ರಟ್ಟೆ ಹಿಡಿದು ಕೂರಿಸಿದರು. "ಆ ಪುಟ ಓದವ್ವ" ಎಂದರು. "ಬಾವ್ನೋರು ಒಂದ್ ಸಾಲ್ಗೇ ನಿಲ್ಸುದ್ರು. ನಂಗೆ ಓದೋಕ್ ಬರಲ್ಲ. ಇವ್ಳು ಓದು ಅಂದ್ರೆ ಓದಲ್ಲ."

ನಾನು ಓದಿದೆ. ಗೆಳತಿ ನಮಗೆ ಬೆನ್ನು ಹಾಕಿ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದಳು. ತಾಯಿ ನೆಲ ನೋಡಿಕೊಂಡು ಕೇಳಿದರು. ಮುಗಿದ ಮೇಲೆ, "ಇನ್ನೊಂದ್ ಸಲ" ಎಂದರು. ಮತ್ತೆ ಓದಿದೆ. ಮೂರನೇ ಸಲ ಓದುವಾಗ ಬಟ್ಟೆ ಕುಕ್ಕುವ ಸದ್ದು ನಿಂತಿತ್ತು.

"ಮಂಡಿ ನೋವು ವಾಸಿ ಆಯ್ತು ಅಂತ ಏಳ್ಬೇಕಿತ್ತಲ್ಲ" ಎಂದರು ತಾಯಿ, ಯಾರಿಗೆಂದಿಲ್ಲದೆ. "ಹಸ ಈಯ್ತು. ಎಣ್ಗರ. ಅದ್ನೂ ಏಳ್ಬೇಕಿತ್ತು." ಆರು ವರ್ಷದಲ್ಲಿ ದೊಡ್ಡ ಮಗಳ ಬಗ್ಗೆ ಅವರಿಗೆ ಸಿಕ್ಕಿದ ಸುದ್ದಿ ಆ ಒಂದು ಪುಟವೇ ಎಂದು ನನಗೆ ಆಗ ಗೊತ್ತಾಯಿತು. ತಂಗಿ ಒಂದು ವರ್ಷ ಅಕ್ಕನ ಜೊತೆ ಮಾತಾಡಿದ್ದರೂ ಹೆದರಿ ತಾಯಿಗೆ ಹೇಳಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಪುಸ್ತಕ ತೆರೆದೆ. ಕನ್ನಡಿಯ ಪ್ರಯೋಗದ ಚಿತ್ರವನ್ನು ಅವಳು ಪೂರ್ತಿ ಮಾಡಿದ್ದಳು. ಆರು ಮೂಲೆಯ ನಕ್ಷತ್ರದ ಹನ್ನೆರಡು ಗೆರೆಗಳೂ ಸರಿಯಾಗಿದ್ದವು. ಅದು ಹಬ್ಬಕ್ಕೆ ಮೊದಲು ಬರೆದದ್ದೋ ಆಮೇಲೋ ನನಗೆ ಗೊತ್ತಿಲ್ಲ.

ಸೋಮವಾರ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ಆ ಪುಟವನ್ನೂ ತಮ್ಮ ಕೆಂಪು ಶಾಯಿಯನ್ನೂ ಮತ್ತೆ ನೋಡಿದರು. "ನಾನು ಓದಿಯೇ ಮಾರ್ಕ್ಸ್ ಹಾಕಿದೆ. ಹೆಸರನ್ನ ನೋಡಲೇ ಇಲ್ಲ" ಎಂದರು. ಏಳನೇ ಪ್ರಯೋಗಕ್ಕೆ ಅವರೇ ನನ್ನ ಎದುರು ಸಬ್ಜೆಕ್ಟ್ ಆಗಿ ಕೂತರು. ಉಳಿದ ಮೂರಕ್ಕೂ ಅವರೇ. ಹೆಸರಿನ ಜಾಗವನ್ನು ಖಾಲಿ ಬಿಟ್ಟೆ. ಕಡೇ ಪುಟದಲ್ಲಿ "ಪ್ರಯೋಗ ಕುತೂಹಲಕರವಾಗಿತ್ತು" ಎಂದು ಬರೆದೆ.

ಆಮೇಲೆ ನಾನು ಮಾಡಿದ ಕೆಲಸವನ್ನೂ ಹೇಳಬೇಕು. ನವೆಂಬರ್ ಇಪ್ಪತ್ತಮೂರು, ಮೂವತ್ತು, ಡಿಸೆಂಬರ್ ಏಳು, ಮೂರು ಭಾನುವಾರ, ಫೋನಿನಲ್ಲಿ ಕೇಳುತ್ತಿದ್ದ ಆ ಬಸ್ಸಿನವರ ಕೂಗನ್ನೇ ನಂಬಿ, ಎಚ್.ಡಿ. ಕೋಟೆಗೆ ಹೋದೆ. ಲೈಬ್ರರಿಗೆ ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿದೆ. ಬೀದಿ ಹಿಡಿದು ಒಂದೊಂದೇ ಹೊಲಿಗೆ ಅಂಗಡಿಗೆ ಹತ್ತಿ ಇಳಿದೆ. ಒಟ್ಟು ಹದಿನೇಳು ಅಂಗಡಿ. ಹೆಸರು ಹೇಳುವಂತಿಲ್ಲ, ಹೇಳದೆ ಕೇಳುವುದು ಹೇಗೆ? "ಪಿರಿಯಾಪಟ್ಟಣದ ಕಡೆಯವರು ಯಾರಾದರೂ ಇಲ್ಲಿ ಹೊಲಿತಾರಾ?" ಎನ್ನುತ್ತಿದ್ದೆ. ಕೆಲವರು ಇಲ್ಲವೆಂದರು. ಒಬ್ಬರು ನನಗೇ ಬ್ಲೌಸಿನ ಅಳತೆ ತೆಗೆಯಲು ಬಂದರು. ಹದಿನೇಳನೇ ಅಂಗಡಿಯವರು ಮಿಷನ್ ನಿಲ್ಲಿಸಿ, "ಯಾಕವ್ವ, ಓಡಿ ಬಂದವ್ರಾ? ಎಸ್ರೇಳು, ಊರೆಲ್ಲ ವಿಚಾರ್ಸುವ" ಎಂದು ನಕ್ಕರು. ಅಲ್ಲಿ ಕೂತಿದ್ದ ಮೂವರು ಗಂಡಸರು ನನ್ನ ಕಡೆ ತಿರುಗಿದರು. ಏನೂ ಇಲ್ಲ ಎಂದು ಇಳಿದುಬಂದೆ.

ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ಹೊಳೆಯಿತು. ಆಕೆ ಆರು ವರ್ಷ ಊರ ಹೆಸರನ್ನು ಸ್ವಂತ ತಂಗಿಗೂ ಹೇಳಿರಲಿಲ್ಲ. ನಾನು ಪೆನ್ನು ಹಿಡಿದು ಮಾಡಿದ್ದನ್ನೇ ಈಗ ಬೀದಿ ಬೀದಿ ತಿರುಗಿ ಮಾಡುತ್ತಿದ್ದೆ. ಆಮೇಲೆ ಹುಡುಕಲು ಹೋಗಲಿಲ್ಲ.

ಹುಡುಕಬಾರದು, ಆದರೆ ಆಕೆಯೇ ಬರುವುದಾದರೆ ದಾರಿ ತೆರೆದಿರಬೇಕು. ಹೀಗೆ ಯೋಚಿಸಿ ಇದನ್ನು ಬರೆದು ಪತ್ರಿಕೆಗೆ ಕಳಿಸುವ ಮನಸ್ಸು ಮಾಡಿದೆ. ಈ ಸಲ ಮೊದಲು ಕೇಳಿದೆ. ಜನವರಿ ಹನ್ನೊಂದರ ಭಾನುವಾರ ಮತ್ತೆ ಅವಳೂರಿಗೆ ಹೋಗಿ, ಏನೇನು ಬರೆಯುತ್ತೇನೆಂದು ಇಬ್ಬರಿಗೂ ಬಿಡಿಸಿ ಹೇಳಿದೆ.

ಗೆಳತಿ ತಕ್ಷಣ ಒಪ್ಪಲಿಲ್ಲ. "ನಿಂಗೆ ಬರಿಯೋದೊಂದೇ ಗೊತ್ತಾ?" ಎಂದಳು. ಆಮೇಲೆ ಅವಳೇ, ಯಾವುದನ್ನು ಬರೆಯಬಹುದು, ಯಾವುದನ್ನು ಬಿಡಬೇಕು ಎಂದು ಬೆರಳು ಮಡಿಚಿ ಹೇಳತೊಡಗಿದಳು. ಅವಳು ಹೇಳಿದ್ದಕ್ಕಿಂತ ಒಂದು ಸಾಲೂ ಹೆಚ್ಚು ಇಲ್ಲಿಲ್ಲ.

"ನಿಮ್ಮ ಬಾವನವರೂ ಇದನ್ನ ಓದಬಹುದು, ಅವರು ಎಲ್ಲಾ ಪತ್ರಿಕೆ ಓದ್ತಾರೆ" ಎಂದು ನಾನು ತಾಯಿಯನ್ನು ಎಚ್ಚರಿಸಿದೆ.

"ಓದ್ಲಿ ಬುಡವ್ವ" ಎಂದರು. "ಅವತ್ತು ಅವ್ರೂ ಉಣ್ನಿಲ್ಲ."

ಗೆಳತಿ ಬಸ್ಸಿನವರೆಗೆ ಕಳಿಸಲು ಬರಲಿಲ್ಲ. ಮುಂದಿನ ವರ್ಷ ಬೇರೆ ಕಾಲೇಜಿಗೆ, ಬೇರೆ ವಿಷಯಕ್ಕೆ ಸೇರುತ್ತಾಳಂತೆ. ಅದನ್ನೂ ತಾಯಿಯೇ ಹೇಳಿದರು. ನಿನ್ನೆ ಮೇಡಂ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದರು. ಹಾಜರಿ ಈಗ ಒಂದೇ ಹೆಸರಿಗೆ ಮುಗಿಯುತ್ತದೆ.

ಇನ್ನು ಓದುವವರಲ್ಲಿ ಒಂದು ಕೋರಿಕೆ. ಈ ಅಕ್ಕ ಯಾರೆಂದು ನಿಮಗೆ ಅನುಮಾನ ಬಂದರೆ ದಯವಿಟ್ಟು ಆಕೆಯ ಹೆಸರನ್ನಾಗಲಿ ಊರನ್ನಾಗಲಿ ಯಾರಿಗೂ ಹೇಳಬೇಡಿ, ನನಗೂ ಬರೆಯಬೇಡಿ. ಈ ಪುಟಗಳನ್ನು ಆಕೆಗೆ ತೋರಿಸಿ, ಅಥವಾ ಓದಿ ಹೇಳಿ. ಅಕ್ಕಾ, ನೀವೇ ಓದುತ್ತಿದ್ದರೆ, ತಂಗಿ ಫೋನು ಎತ್ತದೆ ಇದ್ದದ್ದಲ್ಲ, ಎತ್ತಲು ಫೋನೇ ಇರಲಿಲ್ಲ. ತಂಗಿಗೆ ಈಗ ಹೊಸ ನಂಬರು ಬಂದಿದೆ, ನನ್ನ ಬಳಿ ಇದೆ. ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಬರೆದವರು ನೀವೇ ಎಂದು ತಿಳಿಯಲು ಒಂದು ಗುರುತು ಬೇಕು. ನಿಮ್ಮ ತಂಗಿ ಹೇಳಿದಂತೆ, ನಿಮ್ಮ ಬಗ್ಗೆ ಮೇಲೆ ಬರೆದಿರುವ ವಿವರಗಳಲ್ಲಿ ಒಂದನ್ನು ಬೇಕೆಂದೇ ಬದಲಿಸಿದ್ದೇನೆ. ಅದು ಯಾವುದು, ಸರಿಯಾದದ್ದು ಏನು ಎಂದಷ್ಟೇ ಬರೆಯಿರಿ, ಸಾಕು.